ಮದುಮಗನ ಕೋಟು

ರಾತ್ರಿ ಯಾರೋ ಬಾಗಿಲು ಬಡಿದರು.

ಅಪ್ಪ, ಅಕ್ಕ, ಕಿಡಿ ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಹೊಸ ಊರಿಗೆ ಬಂದು ವಾರವೂ ತುಂಬಿರಲಿಲ್ಲ. ಅರ್ಧ ಬಿಚ್ಚಿದ ಗಂಟುಮೂಟೆಗಳ ನಡುವೆ ಅವರಿನ್ನೂ ದಾರಿ ಮಾಡಿಕೊಂಡು ಓಡಾಡುತ್ತಿದ್ದರು. ಈ ಬಾಗಿಲು ಬಡಿಯುವಷ್ಟು ಪರಿಚಯ ಇಲ್ಲಿ ಯಾರಿಗಿತ್ತು?

ಕಿಡಿ ಕೈಯಲ್ಲಿದ್ದ ಕತ್ತರಿಯ ಸಮೇತ ಎದ್ದಳು. ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುವ ಕಿರಿಮಗಳಿಗೆ ಅಪ್ಪ ಇಟ್ಟ ಹೆಸರು ಅದು.

ಹೊಸ್ತಿಲಾಚೆ ಹಳೆಯ ಊರಿನ ಎದುರಂಗಡಿಯವನು ನಿಂತಿದ್ದ. ಕಂಕುಳಲ್ಲೊಂದು ಬಟ್ಟೆಯ ಗಂಟು.

"ಯಾರಮ್ಮ ಅದು?" ಒಳಕೋಣೆಗೆ ಹೋಗುತ್ತಿದ್ದ ಅಪ್ಪ ಕೇಳಿದರು.

"ನಮ್ಮನ್ನ ಊರು ಬಿಡಿಸಿದ ಪುಣ್ಯಾತ್ಮ ಅಪ್ಪ. ನಾವು ಬದುಕಿದ್ದೀವಾ ಅಂತ ನೋಡೋಕೆ ಬಂದಿದ್ದಾನೆ."

ಹಳೆಯ ಊರಿನಲ್ಲಿ ಎರಡು ಟೈಲರ್ ಅಂಗಡಿಗಳು ಎದುರುಬದುರು ಇದ್ದವು. ಕಿಡಿ ಮಷಿನ್ನಿನಿಂದ ತಲೆಯೆತ್ತಿದಾಗಲೆಲ್ಲ ಅವನು ಆಚೆಯಿಂದ ಟೇಪನ್ನು ಕಣ್ಣಿಗೆ ಅಡ್ಡ ಹಿಡಿದು, ರಸ್ತೆಯ ಅಗಲ ಅಳೆಯುವವನಂತೆ ನಟಿಸುತ್ತಿದ್ದ. ಅವಳು ನಗು ತಡೆಯಲಾರದೆ ಹೊಲಿಗೆ ತಪ್ಪಿಸುತ್ತಿದ್ದಳು. ಆ ನಗುವನ್ನು ನೆನೆದರೆ ಈಗ ಅವಳಿಗೆ ಮೈಯುರಿ.

ಕೋಟೆಂದರೆ ಆ ಮನೆಯಲ್ಲಿ ಮೂರು ಜನರ ಕೆಲಸ. ಅಪ್ಪ ಕತ್ತರಿಸುತ್ತಿದ್ದರು, ಕಿಡಿ ಹೊಲಿಯುತ್ತಿದ್ದಳು, ಗುಂಡಿ ತೂರಿಸುವ ಕಾಜಾಗಳನ್ನು ಅಕ್ಕ ಕೈಯಿಂದಲೇ ಹೆಣೆಯುತ್ತಿದ್ದಳು. ವರ್ಷವಿಡೀ ಶರ್ಟಿನ ಗುಂಡಿ ಕಿತ್ತುಕೊಂಡೇ ಬರುತ್ತಿದ್ದ ಗಿರಾಕಿಯೊಬ್ಬ ತನ್ನ ಮದುವೆಗೆ ಕೋಟು ಹೊಲಿಸಲು ಕೊಟ್ಟ. ಮದುವೆಯ ಬೆಳಗ್ಗೆ ಅಂಗಡಿ ತೆರೆದರೆ, ಕೋಟನ್ನು ಯಾರೋ ಕತ್ತರಿಯಿಂದ ಸೀಳಿಹಾಕಿದ್ದರು. ಮದುಮಗ ಬೀದಿಯಲ್ಲಿ ನಿಂತು ಕೂಗಾಡಿದ. ಹಿಂದಿನ ಸಂಜೆ ಎದುರಂಗಡಿಯವನು ಇವರ ಹಿತ್ತಿಲ ಬಾಗಿಲಲ್ಲಿ ನಿಂತಿದ್ದನೆಂದು ಅಕ್ಕಪಕ್ಕದವರು ಹೇಳಿದರು. ಅಪ್ಪ ಕೋಟನ್ನು ಕಣ್ಣೆತ್ತಿಯೂ ನೋಡದೆ ಸುತ್ತಿ ಕಸದ ಡಬ್ಬಿಗೆ ಎಸೆದರು. ಗಿರಾಕಿಗಳು ಅತ್ತ ಸುಳಿಯದಾದರು.

ಈ ಊರಿಗೆ ತಂದ ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ಮಾಡಿದವರಾರೆಂದು ತಿಳಿಯದೆ ಅದನ್ನು ಏರಿಸುವುದಿಲ್ಲವೆಂದು ಅಪ್ಪ ಹಟ ಹಿಡಿದಿದ್ದರು. ಎದುರಂಗಡಿಯವನ ಬಾಯಿಂದಲೇ ಒಪ್ಪಿಸದೆ ಬಿಡುವುದಿಲ್ಲವೆಂದು ಕಿಡಿ ಶಪಥ ಮಾಡಿದ್ದಳು.

ಅಕ್ಕ ಬಂದವನನ್ನೊಮ್ಮೆ ನೋಡಿ, ಹೊಲಿಯುತ್ತಿದ್ದ ಪರದೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿಂದ ಅವಳ ಗುನುಗು ಕೇಳತೊಡಗಿತು.

ಅವನು ಗಂಟು ಬಿಚ್ಚಿದ. ಅದೇ ಕೋಟು.

"ಕಸದಿಂದ ಎತ್ಕೊಂಡೆ. ಒಂದ್ಸಲ ಸರಿಯಾಗಿ ನೋಡು. ಆಮೇಲೆ ಏನು ಬೇಕಾದ್ರೂ ಅನ್ನು."

"ನೋಡೋದೇನು? ಹಾಕ್ಕೋ."

"ಏನು?"

"ಹಾಕ್ಕೋ ಅಂದೆ. ನೀನು ಸೀಳಿದ ಕೋಟು ತೊಟ್ಟು ಅಪ್ಪನ ಮುಂದೆ ನಿಲ್ಲು. ಅವರು ಕಣ್ತುಂಬ ನೋಡಲಿ."

ಅವನು ತೋಳು ತೂರಿಸಿದ. ಬೆನ್ನಿನ ಬಟ್ಟೆ ಎರಡು ಪಾಲಾಗಿ ಜೋತುಬಿತ್ತು. ಒಂದು ತೋಳು ಮೊಣಕೈಯಲ್ಲಿ ಬಾಯ್ದೆರೆಯಿತು. ಕಾಲರು ಕಿವಿಯ ಬಳಿ ನೇತಾಡಿತು. ಬೆದರುಗೊಂಬೆಯಂತಿದ್ದ ಅವನನ್ನು ಕಂಡು ಅವಳೊಳಗೆ ಎಂಥದೋ ಕ್ರೂರ ಸಂತೋಷ ಉಕ್ಕಿತು.

"ನೆಟ್ಟಗೆ ನಿಲ್ಲು. ಗುಂಡಿ ನಾನೇ ಹಾಕ್ತೀನಿ. ಮರ್ಯಾದೆಯಲ್ಲಿ ಕಮ್ಮಿ ಆಗಬಾರದು."

"ಕತ್ತರಿ ಕೆಳಗಿಡ್ತೀಯಾ? ಭಯ ಆಗುತ್ತೆ."

"ಆಗಲಿ."

ಆದರೂ ಕತ್ತರಿ ಕೆಳಗಿಟ್ಟಳು. ಇಷ್ಟು ಹತ್ತಿರ ಅವರೆಂದೂ ನಿಂತಿರಲಿಲ್ಲ. ನಡುವೆ ಯಾವಾಗಲೂ ಒಂದು ರಸ್ತೆಯಿರುತ್ತಿತ್ತು. ಅವನ ಉಸಿರು ಅವಳ ಹಣೆಯ ಕೂದಲನ್ನು ಅಲುಗಿಸಿತು. ಅವಳು ಬೇಕೆಂದೇ ತಲೆಯೆತ್ತಲಿಲ್ಲ.

"ಆವತ್ತು ಹಿತ್ತಿಲಿಗೆ ಯಾಕೆ ಬಂದಿದ್ದೆ?"

"ನನ್ನ ಮದುವೆ ಕೋಟನ್ನ ನೀನು ಹೊಲೀತೀಯಾ ಅಂತ ಕೇಳೋಕೆ."

"ಓಹೋ! ಮದುಮಗಳು ಯಾರೋ?"

"ಗುಂಡಿ ಹಾಕ್ತಿದ್ದಾಳೆ."

ಅವಳ ಬೆರಳು ಮೊದಲ ಗುಂಡಿಯಲ್ಲಿ ತಡವರಿಸಿತು. ಸೇಡಿನ ಹೊತ್ತಿನಲ್ಲಿ ಇದೆಂಥ ಅಪಸ್ವರ! ಹಲ್ಲು ಕಚ್ಚಿ ಗುಂಡಿಯನ್ನು ತೂರಿಸಿದಳು. ಸಲೀಸಾಗಿ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಕೈಯಿಟ್ಟವಳು ಹಾಗೆಯೇ ನಿಂತಳು.

ಬೆನ್ನು, ತೋಳು, ಜೇಬು, ಕಾಲರು ಒಂದೂ ಉಳಿದಿರಲಿಲ್ಲ. ಎದೆಯ ಮೇಲಿನಿಂದ ಇಳಿದ ಸೀಳು ಮಾತ್ರ ಪ್ರತಿ ಕಾಜಾದ ಬಳಿಗೂ ಬಂದು, ಸುತ್ತು ಹಾಕಿ, ಮುಂದೆ ಸಾಗಿತ್ತು. ರೇಷ್ಮೆ ದಾರದ ಒಂದೆಳೆಗೂ ಪೆಟ್ಟಾಗಿರಲಿಲ್ಲ. ಕೋಪ ನೆತ್ತಿಗೇರಿದ್ದರೂ ಆ ಕೈಗೆ ತಾನು ಹೆಣೆದದ್ದನ್ನು ಕತ್ತರಿಸಲು ಮನಸ್ಸು ಬಂದಿರಲಿಲ್ಲ.

ಕಿಡಿ ತಲೆಯೆತ್ತಿದಳು. "ನೀನು ನೋಡಿದ್ದೆ. ಆವತ್ತು ಹಿತ್ತಿಲ ಬಾಗಿಲಿಂದ ನೋಡಿದ್ದೆ, ಅಲ್ವಾ?"

"ಹ್ಞೂಂ."

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ? ನಿನ್ನ ಬಗ್ಗೆ ಬೀದಿಯೆಲ್ಲ ಸಾರಿಕೊಂಡು ಬಂದೆನಲ್ಲೋ!"

"ನೀನು ನನ್ನ ದ್ವೇಷಿಸಿದ್ರೆ ತಡ್ಕೋತಿದ್ದೆ. ಮನೆಯವರನ್ನೇ ದ್ವೇಷಿಸೋ ಹಾಗಾದ್ರೆ ನೀನು ಹೇಗೆ ತಡ್ಕೋತೀಯಾ ಅಂತ ಸುಮ್ಮನಿದ್ದೆ. ಆದ್ರೆ ನೀನು ಊರೇ ಬಿಟ್ಟುಹೋದ ಮೇಲೆ ತಡ್ಕೊಳ್ಳೋಕೆ ಆಗಲಿಲ್ಲ."

ಅವಳ ಮುಷ್ಟಿ ಹರಿದ ಕಾಲರನ್ನು ಬಿಗಿಯಾಗಿ ಹಿಡಿಯಿತು. ಆ ಗಿರಾಕಿಯ ಗುಂಡಿಗಳು ವರ್ಷವಿಡೀ ಏಕೆ ಕಿತ್ತುಬರುತ್ತಿದ್ದವು? ಅವನ್ನು ಹಾಕಿಸಿಕೊಳ್ಳುವ ನೆಪದಲ್ಲಿ ಅವನು ಗಂಟೆಗಟ್ಟಲೆ ಯಾರ ಸ್ಟೂಲಿನ ಪಕ್ಕ ಕೂತು, ಏನೆಂದು ಮಾತು ಕೊಟ್ಟಿದ್ದ? ಕೊನೆಗೆ ಬೇರೊಬ್ಬಳ ಪಕ್ಕದಲ್ಲಿ ನಿಲ್ಲಲು ಅವನು ಹೊಲಿಸಿದ ಕೋಟಿಗೆ, ತುಟಿಪಿಟಕ್ಕೆನ್ನದೆ ಕಾಜಾ ಹೆಣೆದುಕೊಟ್ಟವರು ಯಾರು?

ಅಡುಗೆಮನೆಯಲ್ಲಿ ಗುನುಗು ನಿಂತಿತು.

"ಏನಮ್ಮ, ಒಪ್ಪಿಕೊಂಡನಾ?" ಒಳಕೋಣೆಯಿಂದ ಅಪ್ಪ ಕೇಳಿದರು. "ಯಾರು ಮಾಡಿದ್ದು?"

ಅಕ್ಕ.