ಮಗಳ ತಾಳ ಕೊಟ್ಟ ಫೋದೆ

ಏಳು ಕಡಲುಗಳಿಗೆ ಇನ್ನೂ ಒಂದರ ಪರಿಚಯ ಒಂದಕ್ಕಿಲ್ಲದ ಕಾಲವದು. ಪಡುವಣದ ಕೆಂಪು ಮಣ್ಣಿನ ರಾಜ್ಯವೊಂದರಲ್ಲಿ ಫೋದೆ ಎಂಬ ಜೆಂಬೆಗಾರನಿದ್ದ. ಜೆಂಬೆ ಎಂದರೆ ನಡು ಸಣ್ಣಗಿರುವ, ಮೇಕೆ ಚರ್ಮ ಬಿಗಿದ ಮರದ ವಾದ್ಯ. ಬರಿಗೈಯಲ್ಲೇ ಬಾರಿಸಬೇಕು.

ಆ ನಾಡಿನಲ್ಲಿ ಮಗು ಹುಟ್ಟಿದರೆ ಅಪ್ಪ ಹೆಸರಿನ ಜೊತೆಗೆ ಒಂದು ತಾಳವನ್ನೂ ಕಟ್ಟುತ್ತಿದ್ದ. ಸತ್ತವರ ಹೆಸರನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಅವರನ್ನು ಕರೆಯಬೇಕೆಂದರೆ ತಾಳ ಬಾರಿಸಬೇಕಿತ್ತು. ಫೋದೆಯ ಒಬ್ಬಳೇ ಮಗಳು ಒಂಬತ್ತನೇ ವಯಸ್ಸಿಗೆ ಜ್ವರದಲ್ಲಿ ತೀರಿಕೊಂಡಿದ್ದಳು. ಅವಳ ಹೆಸರನ್ನು ನಾನೂ ಹೇಳುವುದಿಲ್ಲ. ಅವನು ದಿನವೂ ಅವಳ ತಾಳ ಬಾರಿಸುತ್ತಿದ್ದ, ಅದೇ ಅವನ ಜೀವ.

ಒಂದು ದಿನ ಕಡಲಾಚೆಯ ಹಿಮದ ನಾಡಿನ ರಾಜನಿಂದ ಕರೆ ಬಂತು. ಸದ್ದುನುಂಗಿ ಎಂಬ ಮಾಟಗಾತಿ ಅಲ್ಲಿನ ಜನರ ನಗು, ಹಾಡು, ಅಳು ಮೂರನ್ನೂ ನುಂಗಿ ಮೂರು ಬಾಗಿಲ ಹಿಂದೆ ಕೂಡಿಹಾಕಿದ್ದಳು. ದುಃಖವಿದ್ದೂ ಅಳಲಾರದವರು ಕಾಲಿನಿಂದ ಮೇಲಕ್ಕೆ ಕಲ್ಲಾಗುತ್ತಿದ್ದರು. ತಾಳ ಕೊಟ್ಟರೆ ಮಾತ್ರ ಆ ಬಾಗಿಲುಗಳು ತೆರೆಯುತ್ತಿದ್ದವು.

"ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ" ಎಂದು ಫೋದೆ ಹೊರಟೇಬಿಟ್ಟ. ಪಾಪ, ಅವನಿಗೇನು ಗೊತ್ತು!

ಅಲ್ಲಿ ರೊಟ್ಟಿ ಸುಡುವ ಓಲ್ವಿಯ ಮನೆಯಲ್ಲಿ ಇಳಿದುಕೊಂಡ. ಓಲ್ವಿಯ ಮಗ ಮಂಜುಗಡ್ಡೆ ಒಡೆದು ಹೊಳೆಯಲ್ಲಿ ಮುಳುಗಿದ್ದ. ಅವಳು ಆಗಲೇ ಸೊಂಟದವರೆಗೆ ಕಲ್ಲಾಗಿ ಒಲೆಯ ಮುಂದೆಯೇ ನಿಂತುಬಿಟ್ಟಿದ್ದಳು. ಫೋದೆ ಕಡಲ ಗಾಳಿಗೆ ಸಡಿಲವಾದ ಚರ್ಮವನ್ನು ಅವಳ ಒಲೆಯ ಶಾಖಕ್ಕೆ ಹಿಡಿದು ಬಿಗಿಮಾಡಿಕೊಂಡ. ಊರಿನವರನ್ನು ಕೂಡಿಸಿ ತನ್ನ ನಾಡಿನ ತಾಳಗಳನ್ನು ಕಲಿಸಿದ.

ಮೊದಲ ಬಾಗಿಲಲ್ಲಿ ಸದ್ದುನುಂಗಿ ಹೇಳಿದಳು: "ಇಲ್ಲಿ ಕೊಟ್ಟ ತಾಳ ಮತ್ತೆ ನಿನ್ನ ಕೈಗೆ ಬರುವುದಿಲ್ಲ. ಬೇರೆಯವರು ಬಾರಿಸಿದರೂ ನಿನಗೆ ಗುರುತು ಸಿಗುವುದಿಲ್ಲ. ಒಪ್ಪಿಗೆಯೋ?"

ಫೋದೆ ಸುಗ್ಗಿಯ ತಾಳ ಬಾರಿಸಿ ಕೊಟ್ಟ. ಬಾಗಿಲು ತೆರೆಯಿತು, ನಗು ಊರಿಗೆ ಮರಳಿತು. ಹುಳಿ ಮಜ್ಜಿಗೆ ಕುಡಿದಂತಿದ್ದ ರಾಜನ ಮುಖವೂ ಅರಳಿತು.

ಎರಡನೆಯ ಬಾಗಿಲಲ್ಲಿ ಮದುವೆಯ ತಾಳ ಕೊಟ್ಟ. ಹಾಡು ಮರಳಿತು. ದಾರಿಯಲ್ಲಿ ಜನ ಅದೇ ತಾಳ ಬಾರಿಸಿ ಕುಣಿಯುತ್ತಿದ್ದರೆ, "ಯಾವೂರಿನದಪ್ಪಾ ಇದು?" ಎಂದು ಫೋದೆ ನಿಂತು ಕೇಳಿದ. ಅವರು ತಲೆ ತಗ್ಗಿಸಿದರು.

ಮೂರನೆಯ ಬಾಗಿಲಲ್ಲಿ ತನ್ನೂರಿನ ಹಿರಿಯರು ಸತ್ತಾಗ ಬಾರಿಸುವ ತಾಳ ಕೊಟ್ಟ. ಬಾಗಿಲು ಅಲುಗಲಿಲ್ಲ.

"ಊರಿನ ದುಃಖ ತಂದು ನನ್ನ ಕಣ್ಣಿಗೆ ಮಣ್ಣೆರಚುತ್ತೀಯಾ? ನಿನ್ನದನ್ನು ತಾ," ಎಂದಳು ಸದ್ದುನುಂಗಿ.

ಫೋದೆ ಮನೆಗೆ ಬಂದಾಗ ಓಲ್ವಿ ಎದೆಯವರೆಗೆ ಕಲ್ಲಾಗಿದ್ದಳು. ಎಲ್ಲವನ್ನೂ ಕೇಳಿ ಅವಳೆಂದಳು, "ಬೇಡ ಅಣ್ಣಾ. ನನ್ನ ಮಗನಂತೂ ಹೋದ. ನೀವು ಮಗಳನ್ನು ಇನ್ನೊಂದು ಸಲ ಕಳೆದುಕೊಳ್ಳಬೇಡಿ."

ಫೋದೆ ಜೆಂಬೆಯ ಚರ್ಮವನ್ನು ಮತ್ತೊಮ್ಮೆ ಅವಳ ಒಲೆಯ ಶಾಖಕ್ಕೆ ಹಿಡಿದ.

"ಕೈ ಇನ್ನೂ ಆಡುತ್ತದಲ್ಲಾ ತಾಯಿ? ಹಾಗಾದರೆ ಕಲಿತುಕೊಳ್ಳಿ," ಎಂದು ಜೆಂಬೆಯನ್ನು ಅವಳ ಮುಂದಿಟ್ಟ.

ಹಿಟ್ಟಿನ ಕೈಯಲ್ಲೇ ಅವಳು ಕಲಿತಳು. "ಮೂರನೆಯ ಏಟು ತುಸು ತಡವಾಗಿ ಬೀಳಲಿ," ಎಂದು ಫೋದೆ ತಿದ್ದಿದ. "ಕರೆದ ಕೂಡಲೇ ಬರುವ ಹುಡುಗಿಯಲ್ಲ ಅವಳು."

ಮರುದಿನ ಮೂರನೆಯ ಬಾಗಿಲಲ್ಲಿ ಮಗಳ ತಾಳ ಬಾರಿಸಿದ. ಬಾಗಿಲು ಮುರಿದುಬಿತ್ತು. ವರ್ಷಗಟ್ಟಲೆ ಕೂಡಿಟ್ಟ ಅಳು ಪ್ರವಾಹದಂತೆ ನುಗ್ಗಿ ಸದ್ದುನುಂಗಿಯನ್ನು ಕೊಚ್ಚಿಕೊಂಡು ಹೋಯಿತು. ನಾಡಿಗೆ ನಾಡೇ ಬಿಕ್ಕಿ ಬಿಕ್ಕಿ ಅತ್ತಿತು. ಓಲ್ವಿಯ ಮೈಮೇಲಿನ ಕಲ್ಲು ಚೂರುಚೂರಾಗಿ ಉದುರಿತು.

ಆಮೇಲೆ ರಾಜ, ಪ್ರಜೆಗಳೆಲ್ಲ ಬೇಕೆಂದಾಗ ನಕ್ಕು, ಬೇಕೆಂದಾಗ ಹಾಡಿ ನೆಮ್ಮದಿಯಾಗಿ ಬಾಳಿದರು. ಫೋದೆ ಮಾತ್ರ ತನ್ನೂರಿಗೆ ಮರಳಲಿಲ್ಲ. ಮಗಳ ತಾಳ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ದಿನಾ ಬೆಳಗ್ಗೆ ಒಲೆಯ ಪಕ್ಕ ಕೂರುತ್ತಿದ್ದ, ಓಲ್ವಿ ಬಾರಿಸುತ್ತಿದ್ದಳು.

"ಚೆನ್ನಾಗಿದೆ ತಾಯಿ. ಯಾರದು ಈ ತಾಳ?"

"ನಿಮ್ಮ ಮಗಳದು, ಅಣ್ಣಾ."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ರೊಟ್ಟಿ ಬೇಯುವವರೆಗೆ ಇಬ್ಬರೂ ಅಳುತ್ತಿದ್ದರು.