ಮೂರನೆಯ ಜೋಡು

ಸಿಂಧನೂರಿನ ಆ ವಸತಿಗೃಹದಲ್ಲಿ, ನಮ್ಮ ಕೋಣೆಯ ಬಾಗಿಲ ಮುಂದೆ, ಮಧ್ಯಾಹ್ನದ ಬಿಸಿಲಿನಲ್ಲಿ ಮೂರು ಜೋಡು ಚಪ್ಪಲಿಗಳಿದ್ದವು: ನನ್ನವು, ನನ್ನ ಹೆಂಡತಿ ಅಂಬಮ್ಮನವು, ಪಕ್ಕದಲ್ಲಿ ಒಳಮುಖವಾಗಿ ಬಿಟ್ಟ, ಗದ್ದೆಯ ಹಸಿ ಕೆಸರು ಮೆತ್ತಿದ ಯಾರೋ ಹೆಂಗಸಿನವು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಮದುವೆಯಾಗಿ ನಲವತ್ತು ವರ್ಷಗಳಾದ ಮೇಲೆ, ಮೊದಲ ಸಲ, ಎರಡು ದಿನ ಸುಮ್ಮನೆ ಇದ್ದು ಬರೋಣವೆಂದು ಮಸ್ಕಿಯಿಂದ ಬಂದಿದ್ದೆವು. ಅವಳ ಸಂತೋಷ ಕೆಡಬಾರದೆಂದು ಆ ಜೋಡನ್ನು ಎರಡು ಬಾರಿ ಮೆಟ್ಟಿಲ ಬಳಿ ಇಟ್ಟುಬಂದೆ. ಅಷ್ಟು ಬಿಸಿಲಿನಲ್ಲೂ ಅದು ಕಾಲುವೆಯ ತಳದ ಕಲ್ಲಿನಂತೆ ತಣ್ಣಗಿತ್ತು. ಎರಡು ಬಾರಿಯೂ ಬಾಗಿಲಿಗೇ ಮರಳಿತು.

ಕೊನೆಗೆ ಅವಳೇ ಕಂಡಳು. "ಯಾರೋ ಬಂದಾರ್ರಿ. ಬಂದೋರಿಗೆ ಕಾಲಿಗೆ ನೀರು ಕೊಡೂದು ಬ್ಯಾಡೇನು? ಇಷ್ಟ್ ವರ್ಷ ಮಾಸ್ತರಿಕಿ ಮಾಡಿ ಇದ್ನೂ ಕಲೀಲಿಲ್ಲ ನೀವು!" ನಗುತ್ತ ತಂಬಿಗೆ ತುಂಬಿ ಹೊಸ್ತಿಲಲ್ಲಿಟ್ಟಳು.

ಚಹಾ ಕುಡಿದು ತಿರುಗುವಷ್ಟರಲ್ಲಿ ತಂಬಿಗೆ ಬರಿದಾಗಿತ್ತು. ಒದ್ದೆ ಹೆಜ್ಜೆಗಳು ಹೊಸ್ತಿಲಿನಿಂದ ಅವಳ ಮಂಚದವರೆಗೆ ಬಂದು ನಿಂತಿದ್ದವು. ಅವಳ ನಗು ಆರಿತು.

"ನಡೀರಿ, ಊರಿಗೆ ಹೋಗಾನ."

ಚೀಲ ಹಿಡಿದು ಹೊರಬಂದು ಚಪ್ಪಲಿ ಮೆಟ್ಟಿದೆವು. ಜೀವಮಾನದ ರೂಢಿಯಂತೆ ಅವಳು ಖಾಲಿ ಕೋಣೆಗೆ, "ಬರ್ತೀವಿ ಯವ್ವಾ" ಅಂದಳು.

ಮೆಟ್ಟಿಲ ಬಳಿ ಹಿಂತಿರುಗಿ ನೋಡಿದೆ. ಮೂರನೆಯ ಜೋಡು ಅಲ್ಲಿರಲಿಲ್ಲ. ನಾನು ತೆರೆದೇ ಬಿಟ್ಟಿದ್ದ ಬಾಗಿಲು, ಯಾರೋ ಹೊರಬಂದು ಎಳೆದುಕೊಂಡಂತೆ, ಮೆಲ್ಲಗೆ ಮುಚ್ಚಿಕೊಂಡಿತು.