ಗಾಜಿನ ಒಳಗಿನ ಬೆವರು

"ಓವನ್ ಬಾಗಿಲು ಮುಚ್ಚಿದ್ದು ಯಾರು?"

ಪುಟ್ಟಿಯ ದನಿ ಮಹಡಿಯವರೆಗೂ ಕೇಳಿಸಿತು. ಮೂವತ್ತೈದು ದಾಟಿದ ಹೆಂಗಸನ್ನು ಪುಟ್ಟಿ ಎಂದು ಕರೆಯುವುದು ಅವಳ ಅಕ್ಕನ ಹಕ್ಕಾಗಿತ್ತು; ಅಕ್ಕ ಕರೆದಳೆಂದು ಮಿಕ್ಕವರೂ ಕರೆದರು. ಹಗಲೆಲ್ಲ ಹಲ್ಲಿನ ಲ್ಯಾಬಿನಲ್ಲಿ ತಲೆ ತಗ್ಗಿಸಿ ಕೂತು ಕಟ್ಟುಹಲ್ಲು ಮಾಡುವ ಈ ಹೆಂಗಸಿಗೆ ಇಂಥದೊಂದು ಗಂಟಲಿದೆ ಎಂದು ಆ ಮನೆಯ ಗೋಡೆಗಳಿಗೂ ಗೊತ್ತಿರಲಿಲ್ಲ.

ಮೆಟ್ಟಿಲಿಳಿದು ಬಂದವನು ಹಿಂದಿನ ದಿನವಷ್ಟೇ ಮೇಲಿನ ರೂಮಿಗೆ ಬಾಡಿಗೆಗೆ ಬಂದಿದ್ದ. ಒದ್ದೆ ಕೂದಲು, ಹೆಗಲ ಮೇಲೆ ಟವೆಲ್. ಹಡಗುಗಳ ವೈರ್‌ಲೆಸ್ ಸೆಟ್ ರಿಪೇರಿ ಮಾಡುವ ಕೆಲಸ ಅವನದಂತೆ; ಅಕ್ಕ ಆಗಲೇ ಅವನಿಗೆ "ರೇಡಿಯೋ" ಎಂದು ಹೆಸರಿಟ್ಟಾಗಿತ್ತು.

"ನಾನೇ ಮುಚ್ಚಿದ್ದು. ಬಾಗಿಲು ತೆರೆದೇ ಇತ್ತಲ್ಲ, ಮರೆತು ಹೋಗಿದ್ದೀರೇನೋ ಅಂತ..."

"ಮರೆತಿರಲಿಲ್ಲ. ಮರದ ಚಮಚ ಸಿಕ್ಕಿಸಿ ಇಟ್ಟಿದ್ದೆ."

"ಚಮಚ ಸುಟ್ಟುಹೋಗುತ್ತೆ ಅಂತ ಅದನ್ನೂ ತೆಗೆದು ತೊಳೆದಿಟ್ಟಿದ್ದೀನಿ," ಎಂದ ಅವನು, ಶಭಾಷ್ ಸಿಗಬಹುದೆಂಬ ಆಸೆಯಿಂದ.

ಪುಟ್ಟಿ ಟ್ರೇ ಹೊರಗೆಳೆದಳು. ನಿಂಬೆರಸದ ನೀರಿನಲ್ಲಿ ಅದ್ದಿ, ಒಂದಕ್ಕೊಂದು ತಾಗದಂತೆ ಜೋಡಿಸಿಟ್ಟಿದ್ದ ಸೇಬಿನ ಬಿಲ್ಲೆಗಳು ಕಂದುಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಒಂದರ ಮೇಲೊಂದು ಒರಗಿಕೊಂಡಿದ್ದವು.

"ಇದು ಒಣಗಿಸೋಕೆ ಇಟ್ಟಿದ್ದು, ಬೇಯಿಸೋಕಲ್ಲ. ಸಣ್ಣ ಬಿಸಿ ಇರಬೇಕು, ಬಾಗಿಲು ಒಂಚೂರು ತೆರೆದಿರಬೇಕು, ಹಬೆ ಹೊರಗೆ ಹೋಗಬೇಕು. ನೀವು ಉಪಕಾರ ಮಾಡೋಕೆ ಹೋಗಿ ಅಂಟು ಮಾಡಿಟ್ಟಿದ್ದೀರಿ."

ಅವನು ಒಂದು ಬಿಲ್ಲೆ ಎತ್ತಿ ಬಾಯಿಗೆ ಹಾಕಿಕೊಂಡ. ಗಂಭೀರವಾಗಿ ಅಗಿದ. "ಅಂಟು ಅಂತ ನೋಡಿದ್ರೆ, ಚೆನ್ನಾಗೇ ಇದೆ."

ಹಿಂದೆ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ಪುಟ್ಟಿ ನಗಬಾರದೆಂದು ತುಟಿ ಕಚ್ಚಿಕೊಂಡು ಅವನನ್ನು ನೋಡಿದಳು. ಅವನ ಕಣ್ಣು ಅವಳ ತುಟಿಯ ಮೇಲೇ ಇತ್ತು, ನಗು ಯಾವಾಗ ತಪ್ಪಿಸಿಕೊಂಡು ಬರುತ್ತದೋ ಎಂದು ಕಾಯುತ್ತಿರುವಂತೆ. ಬಂತು. ಅವತ್ತು ಅದನ್ನು ತಡೆದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅವಳಿಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಮರುದಿನ ಸಂಜೆ ಅವನು ಒಂದು ಚೀಲ ಸೇಬು, ಒಂದು ಹರಿತವಾದ ಚಾಕು ಹಿಡಿದು ಅಡುಗೆಮನೆಗೆ ಬಂದ. "ಹಾಳು ಮಾಡಿದ್ದನ್ನ ತುಂಬಿಕೊಡ್ತೀನಿ. ಹಾಗೇ ನನಗೂ ಕಲಿಸಿ, ಟೀಚರ್."

ಹಾಗೆ ಶುರುವಾಯಿತು.

ಆ ಬೇಸಿಗೆಯಲ್ಲಿ ಅವರಿಬ್ಬರು ಒಣಗಿಸದೆ ಬಿಟ್ಟದ್ದು ಕಡಿಮೆ. ಕ್ಯಾರೆಟ್ಟು, ಬೀನ್ಸನ್ನು ಮೊದಲು ಕುದಿನೀರಿನಲ್ಲಿ ಒಂದು ಗಳಿಗೆ ಮುಳುಗಿಸಿ ತೆಗೆಯಬೇಕು, ಇಲ್ಲದಿದ್ದರೆ ಬಣ್ಣ ಸಾಯುತ್ತದೆ. ಟೊಮೆಟೊ ಕತ್ತರಿಸಿದ ಮುಖ ಮೇಲಕ್ಕೆ ಮಾಡಿ ಮಲಗಿಸಬೇಕು. ಉರಿ ಜೋರು ಮಾಡಿ ಅವಸರ ಪಟ್ಟರೆ ಮೇಲಿನ ಪದರ ಗಟ್ಟಿಯಾಗಿ ಒಳಗಿನ ಹಸಿ ಒಳಗೇ ಉಳಿದುಬಿಡುತ್ತದೆ. ಇದನ್ನೆಲ್ಲ ಹೇಳುವಾಗ ಪುಟ್ಟಿಗೆ ತನ್ನ ದನಿಯೇ ಹೊಸದಾಗಿ ಕೇಳಿಸುತ್ತಿತ್ತು. ಈ ಮೊದಲು ಇಷ್ಟು ಹೊತ್ತು ಅವಳ ಮಾತು ಕೇಳುತ್ತ ಯಾರು ಕೂತಿದ್ದರು?

"ಇದು ಬಿಲ್ಲೆಯಾ? ಬಾಗಿಲ ಹಲಗೆ ಥರ ಇದೆ," ಎನ್ನುತ್ತಿದ್ದಳು.

"ನಿಮ್ಮದು? ಊದಿದ್ರೆ ಹಾರಿಹೋಗುತ್ತೆ," ಎಂದು ಅವನು ಅವಳು ಕತ್ತರಿಸಿದ ಬಿಲ್ಲೆಯನ್ನು ಎತ್ತಿ ದೀಪಕ್ಕೆ ಹಿಡಿದು ಅದರ ಆಚೆಯಿಂದ ಅವಳನ್ನೇ ನೋಡುತ್ತಿದ್ದ. ಸೇಬಿನ ತಿಳಿಹಳದಿಯಲ್ಲಿ ಒಂದು ಕಣ್ಣು, ಬದಿಯಲ್ಲಿ ಬರಿಯ ಇನ್ನೊಂದು ಕಣ್ಣು. ಪುಟ್ಟಿ ಸಿಂಕಿನ ಕಡೆ ತಿರುಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

"ಎಷ್ಟು ಕಾಲ ಇಡಬಹುದು ಇದನ್ನ?" ಎಂದು ಅವನು ಪದೇ ಪದೇ ಕೇಳುತ್ತಿದ್ದ. "ಒಂದು ಇಡೀ ಚಳಿಗಾಲ ತಡೆಯುತ್ತಾ?"

"ಸರಿಯಾಗಿ ಒಣಗಿದ್ರೆ ಎರಡು ಚಳಿಗಾಲ ತಡೆಯುತ್ತೆ," ಎನ್ನುತ್ತಿದ್ದಳು ಪುಟ್ಟಿ. ಅವನು ಇಲ್ಲೇ ಬಹಳ ಕಾಲ ನಿಲ್ಲುವ ಲೆಕ್ಕ ಹಾಕುತ್ತಿದ್ದಾನೆ ಎಂದೇ ಅವಳು ತಿಳಿದಿದ್ದಳು.

ಏಪ್ರಿಕಾಟ್ ಹಣ್ಣಿನ ಕಾಲ ಬಂದಾಗ ಅವನೇ ಹೇಳಿದ. ಬೀಜ ತೆಗೆಯುತ್ತ, ತಲೆ ಎತ್ತದೆ. "ಇದನ್ನ ಸ್ವಲ್ಪ ಜಾಸ್ತೀನೇ ಮಾಡೋಣ. ಅವಳಿಗೆ ಏಪ್ರಿಕಾಟ್ ಅಂದ್ರೆ ಪ್ರಾಣ."

"ಯಾರಿಗೆ?"

ಪುಟ್ಟಿ ಅದನ್ನು ಸಲೀಸಾಗಿಯೇ ಕೇಳಿದಳು. ತಂಗಿ ಇರಬಹುದು, ಅಮ್ಮ ಇರಬಹುದು.

ಅವನು ಚಾಕು ಕೆಳಗಿಟ್ಟ. ಉತ್ತರದ ಸಮುದ್ರದಲ್ಲಿ ಹಿಮ ಮುಚ್ಚಿದ ಒಂದು ದ್ವೀಪ, ಅಲ್ಲೊಂದು ಹವಾಮಾನ ಕೇಂದ್ರ. ಗಾಳಿ, ಮೋಡ ಅಳೆಯುವ ಕೆಲಸ ಅವಳದು. ಆರು ವರ್ಷದಿಂದ ಪರಿಚಯ, ಮದುವೆಗೆ ಮಾತಾಗಿದೆ. ವರ್ಷಕ್ಕೊಮ್ಮೆ ಸಾಮಾನಿನ ಹಡಗು ಹೋಗುತ್ತದೆ. ಈ ಸಲ ಅಲ್ಲಿನ ವೈರ್‌ಲೆಸ್ ನೋಡಿಕೊಳ್ಳಲು ಅವನಿಗೇ ಕೆಲಸ ಸಿಕ್ಕಿದೆ. ಹೋದ ಚಳಿಗಾಲ ಅವಳು ಒಬ್ಬಳೇ ಡಬ್ಬದ ಊಟ ತಿಂದುಕೊಂಡು ಕಳೆದಿದ್ದಾಳೆ. ಹಣ್ಣಿನ ರುಚಿಯೇ ಮರೆತುಹೋಗಿದೆ ಎಂದಿದ್ದಾಳಂತೆ.

"ಮೊದಲೇ ಹೇಳಬೇಕಿತ್ತು," ಎಂದ.

"ನನಗ್ಯಾಕೆ ಹೇಳಬೇಕಿತ್ತು?" ಎಂದಳು ಪುಟ್ಟಿ. ಕೈ ತನ್ನ ಪಾಡಿಗೆ ಹಣ್ಣು ಸೀಳುತ್ತಲೇ ಇತ್ತು. "ಸಿಪ್ಪೆ ಕೆಳಗೆ ಬರೋ ಹಾಗೆ ಇಡಿ. ಎಷ್ಟು ಸಲ ಹೇಳಬೇಕು?"

ರೂಮಿಗೆ ಬಂದು ಮಂಚದ ಅಂಚಿನಲ್ಲಿ ಕೂತವಳನ್ನು ನೋಡಿ ಅಕ್ಕನಿಗೆ ಕೇಳುವುದೇನೂ ಉಳಿಯಲಿಲ್ಲ. ಗೋಡೆ ತೆಳು, ಎಲ್ಲ ಕೇಳಿಸಿತ್ತು.

"ನಾಳೆಯಿಂದ ಹೋಗಬೇಡ ಕಣೇ ಆ ಅಡುಗೆಮನೆಗೆ. ತಾನೇ ಮಾಡ್ಕೊಳ್ಳಲಿ, ಏನು ಕೈ ಸವೆದು ಹೋಗುತ್ತಾ?"

"ಅವನಿಗೆ ಬರಲ್ಲ ಅಕ್ಕ. ಅರೆಬರೆ ಒಣಗಿಸಿಕೊಂಡು ಹೋಗ್ತಾನೆ. ಅಲ್ಲಿ ಕೆಟ್ಟುಹೋಗುತ್ತೆ."

"ಕೆಡಲಿ ಬಿಡು! ನಿನ್ನದು ಕೆಟ್ಟಿದ್ದು ಸಾಲದಾ?"

ಪುಟ್ಟಿ ದೀಪ ಆರಿಸಿ ಮಲಗಿದಳು. ಮರುದಿನವೂ ಹೋದಳು, ಅದರ ಮರುದಿನವೂ. ಹೋಗದಿದ್ದರೆ ಅವನು ಇಲ್ಲದ ಸಂಜೆಗಳು ಈಗಲೇ ಶುರುವಾಗಿಬಿಡುತ್ತವಲ್ಲ, ಅದೊಂದೇ ಅವಳ ಭಯ. ಮುಗಿಯಲಿಕ್ಕಿದೆ ಎಂದು ಗೊತ್ತಿರುವುದರ ಪಕ್ಕ ದಿನಾ ಹೋಗಿ ಕೂರುವುದು ಎಂಥ ಹಿಂಸೆ ಎಂದು ಅವಳಿಗೆ ತಿಳಿಯಿತು. ಲ್ಯಾಬಿನಲ್ಲಿ ಒಂದು ದಿನ ಯಾರೋ ಮುದುಕರ ಮೇಲಿನ ಸಾಲಿನ ಹಲ್ಲುಗಳನ್ನೆಲ್ಲ ತಿರುಗುಮುರುಗಾಗಿ ಕೂರಿಸಿ ಬೈಸಿಕೊಂಡಳು.

ಅವನ ಮಾತೂ ಕಡಿಮೆಯಾಗಿತ್ತು. ತಮಾಷೆ ಮಾಡಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತಿದ್ದ. ಒಮ್ಮೆ ಬಿಸಿ ಟ್ರೇ ಮುಟ್ಟಿ ಅವಳ ಬೆರಳು ಸುಟ್ಟಾಗ ಕೈ ಹಿಡಿದು ನಲ್ಲಿಯ ಕೆಳಗಿಟ್ಟ. ಉರಿ ಆರಿದ ಮೇಲೂ ನೀರು ಹರಿಯುತ್ತಲೇ ಇತ್ತು, ಅವನೂ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

"ಅವಳ ಮೇಲೆ ಪ್ರೀತಿ ಇದೆಯಾ?" ಪುಟ್ಟಿ ನೀರನ್ನೇ ನೋಡುತ್ತ ಕೇಳಿದಳು.

"ಮಾತು ಕೊಟ್ಟಿದ್ದೀನಿ," ಎಂದ ಅವನು.

ಕೇಳಿದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ನಲ್ಲಿ ನಿಲ್ಲಿಸಿದಳು.

ಕೊನೆಗೆ ಉಳಿದದ್ದು ಪ್ಲಮ್ ಹಣ್ಣು. ಹಡಗು ಹೊರಡುವುದು ಹತ್ತಿರವಾಗಿತ್ತು. ಅವನು ಕೊನೆಯ ಕೆಲಸಗಳೆಂದು ವರ್ಕ್‌ಶಾಪಿಗೆ ಹೋಗಿದ್ದಾಗ ಪುಟ್ಟಿ ಒಬ್ಬಳೇ ಟ್ರೇ ಹೊರತೆಗೆದಳು. ಆರಿದ ಮೇಲೆ ಒಂದನ್ನು ಎತ್ತಿ ಹರಿದು ಅದುಮಿದಳು. ಹರಿದ ಅಂಚಿನಲ್ಲಿ ರಸ ಮಣಿಗಟ್ಟಿತು.

ಇನ್ನೊಂದು ಹಗಲು ಓವನ್ನಿನಲ್ಲಿ ಇರಬೇಕಿತ್ತು. ಅದು ಅವಳಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೂ ಗಾಜಿನ ಭರಣಿಗಳನ್ನು ತಂದು ಹಣ್ಣು ತುಂಬಿ ಮುಚ್ಚಳ ಬಿಗಿದಳು.

ಎರಡು ದಿನದಲ್ಲಿ ಭರಣಿಯ ಒಳಗೋಡೆ ಬೆವರಿತು. ಹಾಗೆ ಬೆವರಿದರೆ ಹಣ್ಣು ತೆಗೆದು ಮತ್ತೆ ಒಣಗಿಸಬೇಕು, ಇಲ್ಲದಿದ್ದರೆ ಬೂಸ್ಟು ಖಂಡಿತ ಎಂದು ಮೊದಲ ವಾರವೇ ಅವನಿಗೆ ಹೇಳಿಕೊಟ್ಟಿದ್ದಳು. ಈಗ ಬಟ್ಟೆಯಿಂದ ಭರಣಿಯ ಹೊರಗನ್ನು ಒರೆಸಿ ಅವನ ಪೆಟ್ಟಿಗೆಯ ಪಕ್ಕ ಇಟ್ಟಳು. ಅವನು ಒಂದೊಂದಾಗಿ ಎತ್ತಿ, ಹುಲ್ಲಿನ ನಡುವೆ ಇಟ್ಟು, ಪೆಟ್ಟಿಗೆಗೆ ಮೊಳೆ ಹೊಡೆದ.

ಹೊರಡುವ ದಿನ ಬೆಳಿಗ್ಗೆ ಅವಳು ಬೇಕೆಂದೇ ಬೇಗ ಲ್ಯಾಬಿಗೆ ಹೋದಳು. ಅಚ್ಚಿನ ಮೇಣ ಕಾಯಿಸಲು ಇಟ್ಟಳು. ಕಣ್ಣ ಮುಂದೆ, ತಾನು ಎಂದೂ ನೋಡದ ಹುಡುಗಿಯೊಬ್ಬಳು ಎಂದೂ ನೋಡದ ಕೋಣೆಯಲ್ಲಿ ಭರಣಿಯ ಮುಚ್ಚಳ ತಿರುಗಿಸುತ್ತಿದ್ದಳು. ಒಂದು ಇಡೀ ಚಳಿಗಾಲ ಹಣ್ಣಿನ ರುಚಿಗೆ ಕಾದವಳು. ಮುಚ್ಚಳ ತೆಗೆದ ಕೂಡಲೇ ಬೂದು ಬಣ್ಣದ ಬೂಸ್ಟು.

ಪುಟ್ಟಿ ಮೇಣದ ಉರಿ ಆರಿಸಿದಳು. ಏಪ್ರನ್ ಬಿಚ್ಚುವುದನ್ನೂ ಮರೆತು ಬಂದರಿನ ಕಡೆ ಓಡಿದಳು.

ಪೆಟ್ಟಿಗೆಗಳು ಇನ್ನೂ ಹಡಗು ಏರಿರಲಿಲ್ಲ. ಅವನು ಅವುಗಳಲ್ಲೊಂದರ ಮೇಲೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಪ್ಲಮ್ ತೆಗೆದುಬಿಡಿ," ಎಂದಳು ಏದುಸಿರಿನಲ್ಲಿ. "ಅವು ಒಣಗಿಲ್ಲ. ಅಲ್ಲಿ ಹೋಗೋ ಹೊತ್ತಿಗೆ ಬೂಸ್ಟು ಹಿಡಿಯುತ್ತೆ. ಗೊತ್ತಿದ್ದೂ ತುಂಬಿದೆ."

"ಯಾಕೆ?"

"ಚಳಿಗಾಲದ ಮಧ್ಯೆ ಮುಚ್ಚಳ ತೆಗೆದಾಗ ನೀವು ನನ್ನನ್ನ ಬೈಕೊಳ್ಳಲಿ ಅಂತ. ಬೈದಾದ್ರೂ ಒಂದು ಸಲ ನೆನೆಸಿಕೊಳ್ಳಲಿ ಅಂತ." ಅವಳು ಏಪ್ರನ್ನಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಅವಳೇನು ಪಾಪ ಮಾಡಿದ್ದಾಳೆ? ಅವಳ ಬಾಯಿಗೆ ಕೆಟ್ಟ ಹಣ್ಣು ಇಡೋಕೆ ಹೊರಟಿದ್ದೆ. ಥೂ ನನ್ನ ಜನ್ಮಕ್ಕೆ."

ಅವನು ಪೆಟ್ಟಿಗೆಯ ಮೊಳೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಮೊದಲ ಸಲ ಅವಳನ್ನು ಏಕವಚನದಲ್ಲಿ ಕರೆದ.

"ನನಗೂ ಗೊತ್ತಿತ್ತು ಕಣೇ. ಗಾಜು ಬೆವರಿದ್ದು ನನ್ನ ಕಣ್ಣಿಗೂ ಬಿತ್ತು. ನೀನೇ ಕಲಿಸಿದ್ದಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮತ್ತೆ ಓವನ್ ಹಚ್ಚಬೇಕಿತ್ತು. ಇನ್ನೊಂದು ಸಂಜೆ ನಿನ್ನ ಪಕ್ಕ ಕೂರಬೇಕಿತ್ತು. ಕೂತಿದ್ರೆ ನಾನು ಇವತ್ತು ಇಲ್ಲಿರ್ತಿರಲಿಲ್ಲ."

ಇಷ್ಟು ದಿನ ಯಾವ ಮಾತಿಗಾಗಿ ಅವಳು ಒಣಗಿಹೋಗಿದ್ದಳೋ ಅದು ಈಗ ಬಂದಿತ್ತು, ಹಗ್ಗ ಬಿಚ್ಚುವವರ ಕೂಗಿನ ನಡುವೆ, ಮೀನಿನ ವಾಸನೆಯ ನಡುವೆ. ಪುಟ್ಟಿಗೆ ಸಂತೋಷವಾಗಲಿಲ್ಲ.

"ಹೋಗಬೇಡ ಅನ್ನು," ಎಂದ ಅವನು. "ಒಂದೇ ಒಂದು ಸಲ ಅನ್ನು ಸಾಕು."

ಅವಳ ಬಾಯಿಯ ತನಕ ಬಂತು. ಆದರೆ ತಾನು ಮಾಡಲಾರದ ನಿರ್ಧಾರವನ್ನು ಅವನು ಅವಳ ಬಾಯಿಂದ ಹೇಳಿಸುತ್ತಿದ್ದಾನೆ ಎಂಬುದೂ ಅವಳಿಗೆ ಕಾಣಿಸಿತು. ಆ ದ್ವೀಪದ ದಡದಲ್ಲಿ ಹಡಗಿಗಾಗಿ ನಿಂತವಳು, ಇಳಿದವರ ಮುಖಗಳನ್ನೆಲ್ಲ ನೋಡಿ ಮುಗಿಸಿ, ಇನ್ನೊಬ್ಬರು ಇಳಿಯಬೇಕಿದೆ ಎಂದು ಕಾಯುತ್ತ ನಿಂತೇ ಇರುವುದೂ ಕಾಣಿಸಿತು.

"ಹೋಗಿ," ಎಂದಳು.

ಅವನು ಪೆಟ್ಟಿಗೆಯ ಹಲಗೆ ಕಿತ್ತು ಪ್ಲಮ್ ಭರಣಿಗಳನ್ನು ತೆಗೆದು ಅವಳ ಕೈಗೆ ಕೊಟ್ಟ. ಎರಡೂ ತೋಳು ತುಂಬ ಭರಣಿ ಹಿಡಿದಿದ್ದವಳಿಗೆ ಅವನನ್ನು ಮುಟ್ಟಲಾಗಲಿಲ್ಲ. ಅವನೇ ಬಗ್ಗಿ ಅವಳ ಹಣೆಗೆ ಹಣೆ ತಾಗಿಸಿ ನಿಂತ. ಆಮೇಲೆ ಹೋದ.

ಮುಂದಿನ ಬೇಸಿಗೆ ಹಡಗು ವಾಪಸ್ಸು ಬಂದಾಗ ಪುಟ್ಟಿ ಬಂದರಿಗೆ ಹೋಗಲಿಲ್ಲ. ಎರಡು ದಿನದ ಮೇಲೆ ಬಾಗಿಲು ತಟ್ಟಿದ ಹೆಂಗಸಿನ ಮುಖದ ಚರ್ಮ ಹಿಮಗಾಳಿಗೆ ಒಡೆದಿತ್ತು. "ಟೀಚರ್ ಅಂದ್ರೆ ನೀವೇನಾ?" ಎಂದು ಕೇಳಿದಳು. ರಜೆಗೆ ಬಂದಿದ್ದಳು. ಚಳಿಗಾಲಕ್ಕೆ ಮೊದಲೇ ಮದುವೆಯಾಗಿತ್ತು. ಅವನಿಗೆ ಕೇಂದ್ರ ಬಿಟ್ಟು ಬರುವ ಹಾಗಿರಲಿಲ್ಲ.

ಅಕ್ಕ ಮುಖ ಗಂಟು ಹಾಕಿಕೊಂಡು ಟೀ ತಂದಿಟ್ಟಳು. ಬಂದವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಒಳ್ಳೆಯವಳು. ನೋಡಿದ ಕೂಡಲೇ ಗೊತ್ತಾಗುವಷ್ಟು ಒಳ್ಳೆಯವಳು. ಅವಳನ್ನು ದ್ವೇಷಿಸಲು ಪುಟ್ಟಿ ಒಂದು ಕಾರಣ ಹುಡುಕಿದಳು, ಸಿಗಲಿಲ್ಲ.

"ನಿಮ್ಮ ಹಣ್ಣು ನನ್ನ ಜೀವ ಉಳಿಸಿತು," ಎಂದಳು ಅವಳು. "ಚೂರೂ ಕೆಟ್ಟಿರಲಿಲ್ಲ. ಆದ್ರೆ..." ಲೋಟದೊಳಗೆ ನೋಡಿದಳು. "ಅಷ್ಟನ್ನೂ ನಾನೊಬ್ಬಳೇ ತಿಂದೆ. ಅವರು ಒಂದು ಚೂರನ್ನೂ ಮುಟ್ಟಲಿಲ್ಲ. ಬಾಯಿ ಹತ್ತಿರ ಹಿಡಿದ್ರೂ ಬೇಡ ಅಂತಾರೆ, ಎದ್ದು ಹೊರಗೆ ಹೋಗಿಬಿಡ್ತಾರೆ. ಅಷ್ಟು ಕಷ್ಟಪಟ್ಟು ಕಲಿತು ಮಾಡಿ ತಂದವರು. ಯಾಕಿರಬಹುದು? ಅವರನ್ನ ಕೇಳೋಕೆ ನನಗೆ ಧೈರ್ಯ ಇಲ್ಲ. ಅದಕ್ಕೇ ಇಲ್ಲಿಗೆ ಬಂದೆ. ನೀವಾದ್ರೂ ನಿಜ ಹೇಳಿ."

ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು.

ಪುಟ್ಟಿ ನಕ್ಕಳು. ಅಷ್ಟು ಚೆಂದದ ನಗು ಎಲ್ಲಿಂದ ಬಂತೋ. "ಅಯ್ಯೋ, ಅಷ್ಟೇನಾ? ಕಲಿಯುವಾಗ ರುಚಿ ನೋಡ್ತೀನಿ ರುಚಿ ನೋಡ್ತೀನಿ ಅಂತ ಟ್ರೇಗಟ್ಟಲೆ ತಿಂದು ಹೊಟ್ಟೆ ಕೆಡಿಸಿಕೊಂಡ್ರು. ಮೂರು ದಿನ ಎದ್ದೇ ಇರಲಿಲ್ಲ. ಆವತ್ತಿಂದ ಹಣ್ಣು ಅಂದ್ರೆ ಓಡಿಹೋಗ್ತಾರೆ. ನಿಮಗೆ ಹೇಳೋಕೆ ನಾಚಿಕೆ ಇರಬೇಕು."

ಹಿಮಗಾಳಿಗೆ ಒಡೆದ ಆ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. ಕಣ್ಣಲ್ಲಿ ನೀರು ಬರುವವರೆಗೂ ಅವಳು ನಕ್ಕಳು, ಇಡೀ ವರ್ಷದ ಭಾರ ಇಳಿದವಳಂತೆ. "ಮೂರು ದಿನಾನಾ? ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ಹೊರಡುವಾಗ ಪುಟ್ಟಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅವಳ ಕೋಟಿನಲ್ಲಿ ಸೀಮೆಎಣ್ಣೆಯ, ಉಪ್ಪಿನ, ಬೆಸುಗೆ ಹಾಕಿದ ಲೋಹದ ವಾಸನೆಯಿತ್ತು. ಆ ಕೊನೆಯದು ಅವನದು. ಪುಟ್ಟಿ ಕಣ್ಣು ಮುಚ್ಚಿ, ಅವಳು ತಾನಾಗಿ ಬಿಡುವವರೆಗೂ ಹಾಗೇ ನಿಂತಳು.